ನಂದಾದೀಪದ ಎಣ್ಣೆ

ನಮ್ಮ ನಾಡಿನ ಹಳೆಯ ದೇವಾಲಯಗಳ ಶಿಲಾಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ದೇವರ ಮುಂದೆ ನಂದಾದೀಪ ಹಚ್ಚಿಸಿದ ದಾನಿಯು ದೀಪದ ಕಂಬವೊಂದನ್ನು ಮಾಡಿಸಿ ಕೊಟ್ಟು ಸುಮ್ಮನಾಗುವುದಿಲ್ಲ. ಇಷ್ಟು ಗದ್ಯಾಣ ಹೊನ್ನನ್ನು ಇಟ್ಟಿದೆ, ಅದರ ಬಡ್ಡಿಯಿಂದ ನಿತ್ಯವೂ ಎಣ್ಣೆ ನಡೆಯತಕ್ಕದ್ದು; ಅಥವಾ ಊರಿನ ಗಾಣವೊಂದಕ್ಕೆ ಇಷ್ಟು ಎಣ್ಣೆ ದೇವರಿಗೆ ಸಲ್ಲತಕ್ಕದ್ದು; ಇದನ್ನು ನಡೆಸಿಕೊಂಡು ಬರುವ ಹೊಣೆ ಇಂಥವರದು ಎಂದು ಕಲ್ಲಿನ ಮೇಲೆ ಬರೆಯಿಸುತ್ತಾನೆ. ಕೊನೆಗೆ, ಈ ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲೆಂದು ಶಾಪವನ್ನೂ ಹಾಕಿಸುತ್ತಾನೆ. ದೀಪ ಹಚ್ಚುವುದು ಒಂದು ದಿನದ ಕೆಲಸ, ಎಣ್ಣೆ ಹೊಯ್ಯುವುದು ಎಂದೆಂದಿನ ಕೆಲಸ ಎಂಬ ವಿವೇಕ ಆ ಹಿರಿಯರಿಗೆ ಇದ್ದಿತು.

ಈ ಮಾತು ಇಂದೇಕೆ ನೆನಪಾಯಿತೆಂದರೆ, ಜಗತ್ತಿನ ಹವಾಮಾನ ಕೆಡುತ್ತಿದೆ, ಊರೂರಿನಲ್ಲಿಯೂ ಬಿಸಿಲು, ಗಾಳಿ, ಕಟ್ಟಿಗೆ, ಸಗಣಿಗಳಿಂದ ಶಕ್ತಿಯನ್ನು ಪಡೆಯಬೇಕು, ಅದಕ್ಕೆ ಹಣ ಒದಗಿಸಬೇಕು ಎಂಬ ಮಾತನ್ನು ನಾವು ದಿನವೂ ಕೇಳುತ್ತಿದ್ದೇವೆ. ಹಣ ಎಷ್ಟು ಎಂಬುದರ ಚರ್ಚೆಯೇ ಎಲ್ಲೆಡೆಯೂ. ಆ ಹಣ ದೀಪದ ಕಂಬಕ್ಕೋ ಎಣ್ಣೆಗೋ ಎಂದು ಕೇಳುವವರು ಕಡಮೆ. ನಮ್ಮ ನಾಡಿನಲ್ಲಿ ಇಂಥ ಕೆಲಸಗಳಿಗೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅದನ್ನು ಒಮ್ಮೆ ತಿರುವಿ ನೋಡಿದರೆ ಈ ಪ್ರಶ್ನೆಗೆ ಉತ್ತರ ಸಿಕ್ಕೀತು.

ಶಿವನಸಮುದ್ರದಿಂದ ಆರಂಭಿಸೋಣ. ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ತೆಗೆಯುವ ಯೋಚನೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಬೆಂಬಲವಾಗಿ ನಿಂತರು. ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಅವರು ದೇಶಾಂತರಗಳಿಗೆ ಹೋಗಿ ಯಂತ್ರಗಳ ವಿಚಾರ ತಿಳಿದು ಬಂದರು. 1902ನೆಯ ಇಸವಿ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 92 ಮೈಲಿ ದೂರ, ವಿದ್ಯುತ್ತು ಹರಿಯಿತು. ಅಷ್ಟು ದೂರ ವಿದ್ಯುತ್ತನ್ನು ಒಯ್ಯುವುದು ಆ ಕಾಲದಲ್ಲಿ ಜಗತ್ತೇ ಬೆರಗಾಗಿ ನೋಡಿದ ಸಾಹಸ. ಶೇಷಾದ್ರಿ ಅಯ್ಯರ್ ಆ ದಿನವನ್ನು ಕಾಣಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು.

ಈ ಸಾಹಸದ ಕಥೆಯನ್ನು ಹೇಳುವಾಗ ನಾವು ಯಂತ್ರಗಳನ್ನು ಹೊಗಳುತ್ತೇವೆ, ದಿವಾನರ ದೂರದೃಷ್ಟಿಯನ್ನು ಹೊಗಳುತ್ತೇವೆ. ಲೆಕ್ಕದ ಪುಸ್ತಕವನ್ನು ಹೊಗಳುವವರಿಲ್ಲ. ಆದರೆ ಸಂಸ್ಥಾನ ಅಷ್ಟು ದೊಡ್ಡ ಬಂಡವಾಳವನ್ನು ಹೊಳೆಯ ನೀರಿಗೆ ಸುರಿಯಲು ಧೈರ್ಯ ಮಾಡಿದ್ದು, ಆ ವಿದ್ಯುತ್ತನ್ನು ಕೊಳ್ಳುತ್ತೇವೆಂದು ಗಣಿಯ ಕಂಪನಿಗಳು ಮೊದಲೇ ಒಪ್ಪಂದಕ್ಕೆ ಬಂದದ್ದರಿಂದ. ದೀಪ ಹಚ್ಚುವ ಮುನ್ನವೇ ಎಣ್ಣೆಯ ಏರ್ಪಾಡಾಗಿದ್ದಿತು. ಆ ಆದಾಯದ ಬೆನ್ನ ಮೇಲೆಯೇ 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದಿತು. ಆಮೇಲೆ ಮೈಸೂರಿಗೂ ಬಂದಿತು.

ಹಳ್ಳಿಗಳಿಗೆ ಬರಲಿಲ್ಲ. ತಂತಿ ಹಳ್ಳಿಗಳ ತಲೆಯ ಮೇಲೆ ಹಾದುಹೋಯಿತು. ಕೆಳಗೆ ಹರಳೆಣ್ಣೆಯ ಸೊಡರೂ ಆಮೇಲೆ ಸೀಮೆಎಣ್ಣೆಯ ಬುಡ್ಡಿಯೂ ಉರಿಯುತ್ತಲೇ ಇದ್ದವು. ಇದರಲ್ಲಿ ಯಾರದೋ ಕ್ರೂರತನವನ್ನು ಹುಡುಕಬೇಕಾಗಿಲ್ಲ. ಗಣಿಯಂತೆ ತಿಂಗಳು ತಿಂಗಳು ಹಣ ಎಣಿಸಬಲ್ಲ ಗಿರಾಕಿ ಹಳ್ಳಿಯಲ್ಲಿ ಇರಲಿಲ್ಲ, ಅಷ್ಟೆ. ಸ್ವಾತಂತ್ರ್ಯ ಬಂದ ಮೇಲೆ ಕಂಬಗಳು ಹಳ್ಳಿಗಳಿಗೆ ನಡೆದುಬಂದವು. ಕಂಬ ಬಂದ ಊರೆಲ್ಲ ಬೆಳಕಿನ ಊರೆಂದು ಲೆಕ್ಕಕ್ಕೆ ಸೇರಿತು. ಮನೆಯೊಳಗಿನ ಲೆಕ್ಕ ಬೇರೆಯೇ ಇದ್ದಿತು.

ಆ ಮನೆಯೊಳಗಿನ ಲೆಕ್ಕವನ್ನು ತೆಗೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು. 1973ರ ಕೊನೆಯಲ್ಲಿ ಅರಬ್ ದೇಶಗಳ ಯುದ್ಧದಿಂದಾಗಿ ಕಲ್ಲೆಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು ಏರಿತು. ಮರುವರ್ಷ, 1974ರಲ್ಲಿ, ವಿದ್ಯುತ್-ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕುಮಾರ ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಸಂಸ್ಥೆಯೊಳಗೆ ಒಂದು ಪುಟ್ಟ ವಿಭಾಗ ಹುಟ್ಟಿತು. ವಿಜ್ಞಾನವನ್ನು ಗ್ರಾಮಗಳಿಗೆ ಒದಗಿಸುವುದು ಅದರ ಉದ್ದೇಶ. ಅಸ್ತ್ರ ಎಂಬುದು ಅದರ ಹೆಸರು. ಹೊಗೆ ಕಡಮೆ ಮಾಡಿ ಸೌದೆ ಉಳಿಸುವ ‘ಅಸ್ತ್ರ ಒಲೆ’ಯ ಹೆಸರನ್ನು ಕೇಳಿದವರು ವಾಚಕರಲ್ಲಿ ಅನೇಕರಿರಬಹುದು. ಆ ಒಲೆ ಇವರದೇ.

ಈ ವಿಭಾಗದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಯೂರಿದರು. ಯಂತ್ರವನ್ನು ಮಾಡುವ ಮುನ್ನ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಯಾರು ಎಷ್ಟು ಸೌದೆ ಸುಡುತ್ತಾರೆ, ಎಷ್ಟು ನಡೆಯುತ್ತಾರೆ, ಎಷ್ಟು ಹೊರುತ್ತಾರೆ ಎಂದು ಲೆಕ್ಕ ಹಾಕಿದರು. ಪುರ ಎಂಬ ಹಳ್ಳಿಯ ಲೆಕ್ಕ ಹೀಗಿದ್ದಿತು: ಊರು ಬಳಸುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ 89 ಪಾಲು ಸೌದೆ, 7 ಪಾಲು ಮನುಷ್ಯರ ಮೈದುಡಿಮೆ, 2 ಪಾಲು ಸೀಮೆಎಣ್ಣೆ, ಎತ್ತುಗಳದು ಒಂದು ಪಾಲು, ವಿದ್ಯುತ್ತಿನದು ಒಂದು ಪಾಲು. ಆ ಮೈದುಡಿಮೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ 53ರಷ್ಟು, ಹೆಂಗಸರದು, ಮಕ್ಕಳದು 16. ಸೌದೆಗಾಗಿಯೇ ಒಂದೊಂದು ಮನೆಯವರು ದಿನಕ್ಕೆ ಸುಮಾರು ಎರಡೂವರೆ ಗಂಟೆ ಕಳೆಯುತ್ತಿದ್ದರು, ಐದು ಕಿಲೋಮೀಟರಿನಷ್ಟು ನಡೆಯುತ್ತಿದ್ದರು. ನೀರಿನ ನಡಿಗೆ ಬೇರೆ.

ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿದು ಮುಕ್ಕಾಲು ಶತಮಾನ ಕಳೆದ ಮೇಲಿನ ಲೆಕ್ಕ ಇದು ಎಂಬುದನ್ನು ಮರೆಯಬಾರದು.

ಪುರದಲ್ಲಿ ಊರೊಟ್ಟಿನ ಗೋಬರ್ ಅನಿಲದ ಘಟಕವನ್ನು ಕಟ್ಟಬೇಕೆಂದಾಯಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಲಿಯ ನೆರವು ದೊರೆಯಿತು. ಎಲ್ಲರ ಮನೆಯ ಸಗಣಿಯನ್ನು ಒಂದೆಡೆ ಕೂಡಿಸುವುದು, ಅದರಿಂದ ಬಂದ ಅನಿಲವನ್ನು ಎಲ್ಲರ ಒಲೆಗೂ ಹಾಯಿಸುವುದು ಮೊದಲಿನ ಯೋಚನೆ. ಯೋಚನೆ ಚೆನ್ನಾಗಿತ್ತು, ಸಗಣಿ ಸಾಲಲಿಲ್ಲ. ಮೇಯಲು ಹೋದ ದನ ಹೊಲದಲ್ಲಿ, ದಾರಿಯಲ್ಲಿ ಹಾಕಿದ ಸಗಣಿ ತೊಟ್ಟಿಗೆ ಬರುವುದುಂಟೆ? ಕಾಗದದ ಮೇಲೆ ಎಣಿಸಿದ್ದಕ್ಕೂ ಕೊಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೂ ತಾಳೆಯಾಗಲಿಲ್ಲ. ಅರ್ಧ ಅಡುಗೆಗೆ ಅನಿಲ, ಅರ್ಧಕ್ಕೆ ಸೌದೆ ಎಂದರೆ ಯಾವ ಮನೆಯೊಡತಿಗೂ ಒಗ್ಗುವುದಿಲ್ಲ. ಊರಿನ ಉತ್ಸಾಹ ಇಳಿಯಿತು.

ಇಲ್ಲಿಗೆ ಮುಗಿಯಬಹುದಾಗಿದ್ದ ಕಥೆ ಮುಗಿಯಲಿಲ್ಲ. ಊರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದುದು ಒಳ್ಳೆಯ ಕುಡಿಯುವ ನೀರು, ಆಮೇಲೆ ಬೆಳಕು. ಹಾಗಾದರೆ ಅನಿಲವನ್ನು ಒಲೆಗೆ ಹಾಯಿಸುವ ಬದಲು ಎಂಜಿನ್ನಿಗೆ ಹಾಯಿಸಬಾರದೇಕೆ? 1987ರ ಸೆಪ್ಟೆಂಬರಿನಿಂದ ಹಾಗೆಯೇ ಆಯಿತು. ಸ್ವಲ್ಪ ಡೀಸೆಲ್ಲಿನ ಜೊತೆಗೆ ಅನಿಲವನ್ನು ಉಂಡು ಓಡುವ ಒಂದು ಸಣ್ಣ ಎಂಜಿನ್, ಅದಕ್ಕೆ ಕೂಡಿಸಿದ 5 ಕಿಲೋವಾಟ್ ವಿದ್ಯುತ್ ಯಂತ್ರ. ಅದರಿಂದ ಕೊಳವೆಬಾವಿಯ ನೀರು ಮೇಲಕ್ಕೆ ಬಂದು ನಲ್ಲಿಗಳಲ್ಲಿ ಹರಿಯಿತು. ಸಂಜೆ ಮನೆಗಳಲ್ಲಿ ಟ್ಯೂಬ್ ದೀಪ ಹತ್ತಿತು.

ಯಂತ್ರಕ್ಕಿಂತಲೂ ಗಮನಿಸತಕ್ಕದ್ದು ಅದರ ಸುತ್ತ ಕಟ್ಟಿದ ಏರ್ಪಾಡು. ಬೆಳಗ್ಗೆ ಹೆಂಗಸರೂ ಮಕ್ಕಳೂ ಸಗಣಿಯ ಬುಟ್ಟಿ ಹೊತ್ತು ತರುತ್ತಿದ್ದರು. ತೂಗಿ, ಲೆಕ್ಕ ಬರೆದು, ಕಿಲೋಗೆ 2 ಪೈಸೆಯಂತೆ ಹೊತ್ತು ತಂದ ಕೂಲಿಯನ್ನು ಕೊಡುತ್ತಿದ್ದರು. ಅನಿಲ ತೆಗೆದು ಉಳಿದ ಬಗ್ಗಡ ಒಳ್ಳೆಯ ಗೊಬ್ಬರ. ಕೊಟ್ಟ ಸಗಣಿಯ ಪ್ರಮಾಣಕ್ಕೆ ತಕ್ಕಂತೆ ಅದನ್ನು ಮನೆಗಳಿಗೆ ಹಿಂದಿರುಗಿಸುತ್ತಿದ್ದರು. ಹೀಗಾಗಿ ರೈತನಿಗೆ ಗೊಬ್ಬರ ಹೋಯಿತೆಂಬ ಕೊರಗಿರಲಿಲ್ಲ. ಹೊತ್ತು ತಂದ ಹೆಂಗಸಿನ ಕೈಗೆ ಚಿಲ್ಲರೆ ಕಾಸು ಬರುತ್ತಿತ್ತು. ದೀಪಕ್ಕೂ ನಲ್ಲಿಗೂ ಮನೆಯವರು ತಿಂಗಳಿಗಿಷ್ಟೆಂದು ಹಣ ಕಟ್ಟುತ್ತಿದ್ದರು. ಯಂತ್ರವನ್ನು ಊರಿನ ಹುಡುಗರೇ ಕಲಿತು ನಡೆಸುತ್ತಿದ್ದರು. ಹಣದ ವಿಚಾರವನ್ನು ಗ್ರಾಮ ವಿಕಾಸ ಸಭೆ ನೋಡಿಕೊಳ್ಳುತ್ತಿತ್ತು. ತೊಟ್ಟಿ, ಎಂಜಿನ್, ಕೊಳವೆಗಳ ಬಂಡವಾಳ ಹೊರಗಿನದು. ದಿನದ ಖರ್ಚು ಬಹುಮಟ್ಟಿಗೆ ಊರಿನದು. ಮಹಾಜನರ ಕೈಗೆ ನಂದಾದೀಪದ ಎಣ್ಣೆಯನ್ನು ಒಪ್ಪಿಸಿದ ಹಳೆಯ ಕಾಲದ ಕಟ್ಟಳೆಯೇ ಹೊಸ ರೂಪದಲ್ಲಿ ಬಂದಂತಾಯಿತು.

ಪುರದ ಮಾದರಿಯನ್ನು 1990ರ ದಶಕದಲ್ಲಿ ಬೇರೆ ಕೆಲವು ಊರುಗಳಿಗೆ ಒಯ್ಯುವ ಪ್ರಯತ್ನ ನಡೆಯಿತು. ಅಲ್ಲಿ ಅದು ಬೇರೂರಲಿಲ್ಲ. ಮುಂದೆ ಪುರದ ಯಂತ್ರವೂ ನಿಂತಿತು. ಯಾವ ಯಂತ್ರವೂ ಚಿರಂಜೀವಿಯಲ್ಲ. ಆದರೆ ಇಂಥ ಊರೊಟ್ಟಿನ ಕೆಲಸದ ನೆರೆಯಲ್ಲಿಯೇ ಪುಕ್ಕಟೆಯ ಬೆಳಕೂ ಪುಕ್ಕಟೆಯ ನೀರೂ ಸರ್ಕಾರದಿಂದ ಬರುತ್ತವೆಂಬ ನಿರೀಕ್ಷೆ ಬೆಳೆದರೆ, ತಿಂಗಳಿಗೆ ಹಣ ಕಟ್ಟಿ ತಮ್ಮದೇ ದೀಪವನ್ನು ಉರಿಸಿಕೊಳ್ಳಿ ಎಂದು ಹೇಳುವುದು ಕಷ್ಟ. ಬಡವನಿಗೆ ಪುಕ್ಕಟೆಯಾಗಿ ಕೊಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಕೊಡುವ ಕೈ ಒಂದೇ ಆದರೂ ಒಂದು ಬೆರಳು ಕಟ್ಟಿದ್ದನ್ನು ಇನ್ನೊಂದು ಬೆರಳು ಬಿಚ್ಚಬಾರದು ಎಂಬುದಷ್ಟೇ ನಮ್ಮ ಮಾತು.

ಅದೇ ಜಿಲ್ಲೆಯಲ್ಲಿ ಹೊಸಹಳ್ಳಿ ಎಂಬ ಇನ್ನೊಂದು ಊರು. 35 ಮನೆ, 218 ಜನ. ಕಂಬವೇ ಕಾಣದ ಊರು. 1988ರಲ್ಲಿ ಇಲ್ಲಿ ವಿಜ್ಞಾನ ಸಂಸ್ಥೆಯವರು ಕಟ್ಟಿಗೆಯ ಚೂರನ್ನು ಅರೆಬರೆ ಉರಿಸಿ ಅನಿಲವಾಗಿಸುವ ಯಂತ್ರವನ್ನು ಇಟ್ಟರು. ಅದನ್ನು ಗ್ಯಾಸಿಫೈಯರ್ ಎನ್ನುತ್ತಾರೆ. ಊರಿನ ಬೀಳಿನಲ್ಲಿ ಗಿಡ ನೆಟ್ಟು ಅದರ ಕಟ್ಟಿಗೆಯನ್ನೇ ಬಳಸಿದರು. ದೀಪ, ಕುಡಿಯುವ ನೀರು, ಆಮೇಲೆ ಹಿಟ್ಟಿನ ಗಿರಣಿ, ಹೊಲಕ್ಕೆ ನೀರು ಹೀಗೆ ಒಂದೊಂದಾಗಿ ಸೇರಿದವು. 14 ವರ್ಷಕ್ಕೂ ಹೆಚ್ಚು ಕಾಲ ಅದು ನಡೆಯಿತು. 2004ರಲ್ಲಿ ಅದರ ಲೆಕ್ಕ ಪ್ರಕಟವಾದಾಗ, ಹಿಂದಿನ ಆರು ವರ್ಷಗಳಲ್ಲಿ ನೂರಕ್ಕೆ 85ಕ್ಕೂ ಮಿಕ್ಕ ದಿನಗಳಲ್ಲಿ ಬೆಳಕೂ ನೀರೂ ತಪ್ಪಿರಲಿಲ್ಲ. ಆ ಹೊತ್ತಿಗೆ ನಮ್ಮ ಪಟ್ಟಣಗಳಿಗೆ ಇಂಥ ಖ್ಯಾತಿ ಇದ್ದಿತೇ ಎಂಬುದನ್ನು ವಾಚಕರೇ ನೆನೆಸಿಕೊಳ್ಳಲಿ.

ಆ ಲೆಕ್ಕದಲ್ಲಿ ಇನ್ನೊಂದು ಪಾಠವಿದೆ. ಅಲ್ಲಿದ್ದುದು 20 ಕಿಲೋವಾಟಿನ ಯಂತ್ರ. ಅದರ ಮೇಲೆ 5 ಕಿಲೋವಾಟಿನಷ್ಟೇ ಹೊರೆ ಹಾಕಿದರೆ ಕಟ್ಟಿಗೆ, ಕೂಲಿ, ದುರಸ್ತಿ ಸೇರಿ ಒಂದು ಯೂನಿಟ್ಟಿಗೆ 5 ರೂಪಾಯಿ 85 ಪೈಸೆ ಬೀಳುತ್ತಿತ್ತು. ಪೂರ್ತಿ ಹೊರೆ ಹಾಕಿದರೆ 3 ರೂಪಾಯಿ 34 ಪೈಸೆ. ನಾಲ್ಕು ದೀಪಕ್ಕಾಗಿ ನಡೆಸಿದ ಯಂತ್ರ ಊರಿಗೆ ಭಾರ; ಗಿರಣಿಯನ್ನೂ ಪಂಪನ್ನೂ ಎಳೆಯುವ ಯಂತ್ರ ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳುತ್ತದೆ. ಶಿವನಸಮುದ್ರಕ್ಕೆ ಗಣಿ ಹೇಗೋ ಹೊಸಹಳ್ಳಿಗೆ ಹಿಟ್ಟಿನ ಗಿರಣಿ ಹಾಗೆ.

ಇಂಥ ಪ್ರಯೋಗಗಳು ದೂರದವರ ಕಣ್ಣಿಗೂ ಬಿದ್ದವು. ದಿಲ್ಲಿಯಲ್ಲಿ 1982ರಲ್ಲಿ ಹೊಸ ಬಗೆಯ ಶಕ್ತಿಮೂಲಗಳಿಗೆಂದೇ ಒಂದು ಇಲಾಖೆ ಹುಟ್ಟಿದ್ದಿತು. 1987ರಲ್ಲಿ ಸಾಲ ಕೊಡಲು ಒಂದು ಸಂಸ್ಥೆ ಬಂದಿತು. 1992ರಲ್ಲಿ ಇಲಾಖೆಯೇ ಮಂತ್ರಾಲಯವಾಯಿತು. ಹೊಸ ಶತಮಾನ ಕಾಲಿಡುವ ಹೊತ್ತಿಗೆ ಹವಾಮಾನದ ಹೆಸರಿನಲ್ಲಿ ಹೊರದೇಶದ ಹಣವೂ ಹರಿಯತೊಡಗಿತು. 2001ರಲ್ಲಿ ತುಮಕೂರು ಜಿಲ್ಲೆಯ ಐದು ತಾಲ್ಲೂಕುಗಳ 24 ಹಳ್ಳಿಗಳಿಗಾಗಿ ಒಂದು ದೊಡ್ಡ ಯೋಜನೆ ಮಂಜೂರಾಯಿತು. ಜಾಗತಿಕ ಪರಿಸರ ನಿಧಿಯೊಂದರಿಂದಲೇ ಸುಮಾರು 40 ಲಕ್ಷ ಡಾಲರ್. ಜೊತೆಗೆ ಕೆನಡಾದ ನೆರವು, ರಾಜ್ಯ ಸರ್ಕಾರದ ಪಾಲು. ಇದರಡಿ ಕಬ್ಬಿಗೆರೆಯಲ್ಲಿ ಒಟ್ಟು 500 ಕಿಲೋವಾಟಿನ ಗ್ಯಾಸಿಫೈಯರ್‌ಗಳು ನಿಂತವು. ಹೊಸಹಳ್ಳಿಯ ಯಂತ್ರಕ್ಕೆ ಇದು 25 ಪಟ್ಟು.

ಹಣಕ್ಕೆ ಕೊರತೆಯಿರಲಿಲ್ಲ, ಯಂತ್ರವೂ ಒಳ್ಳೆಯದೇ. ಆದರೆ ಇಲ್ಲಿಯ ವಿದ್ಯುತ್ತು ಊರಿನ ಗಿರಣಿಗಲ್ಲದೆ ಸರ್ಕಾರದ ತಂತಿಗೆ ಹೋಗಬೇಕಾಗಿತ್ತು. ತಂತಿಯಲ್ಲಿ ವಿದ್ಯುತ್ತಿಲ್ಲದ ಹೊತ್ತಿನಲ್ಲಿ ಈ ಯಂತ್ರವೂ ನಿಲ್ಲಬೇಕು. ಹಳ್ಳಿಯ ತಂತಿಯಲ್ಲಿ ವಿದ್ಯುತ್ತಿಲ್ಲದ ಹೊತ್ತಿಗೇನು ಬರವೆ? ಕಟ್ಟಿಗೆಯಿಂದ ಮಾಡಿದ ವಿದ್ಯುತ್ತಿಗೆ 2005ರಲ್ಲಿ ನಿಗದಿಯಾದ ಬೆಲೆ ಯೂನಿಟ್ಟಿಗೆ 2 ರೂಪಾಯಿ 85 ಪೈಸೆ. ಹೊಸಹಳ್ಳಿಯ ಪುಟ್ಟ ಯಂತ್ರ ಪೂರ್ತಿ ಹೊರೆಯಲ್ಲಿ ಓಡಿದಾಗಲೂ ಯೂನಿಟ್ಟಿಗೆ ಅದಕ್ಕಿಂತ ಹೆಚ್ಚು ತಗಲುತ್ತಿತ್ತೆಂಬುದನ್ನು ಮೇಲೆ ಕಂಡೆವು. ದೊಡ್ಡ ಯಂತ್ರದಲ್ಲಿ ಖರ್ಚು ಕೊಂಚ ಇಳಿದೀತು; ಆದರೆ ಕಟ್ಟಿಗೆಗೂ ಪೇಟೆಯ ಬೆಲೆಯುಂಟು, ಕೂಲಿಗೂ ಉಂಟು. 2012ರಲ್ಲಿ ಯೋಜನೆಯ ಅವಧಿ ಮುಗಿಯಿತು. ಮಾಡಿದ ಬೆಲ್ಲವನ್ನು ಕಬ್ಬಿನ ಬೆಲೆಗೂ ಕಡಮೆಗೆ ಮಾರುವ ಆಲೆಮನೆ ಎಷ್ಟು ದಿನ ಹೊಗೆಯಾಡೀತು?

ಈಗ ಜಿಲ್ಲೆಯನ್ನು ಬಿಟ್ಟು ಘಟ್ಟವನ್ನು ಇಳಿಯೋಣ. ಏಕೆಂದರೆ ಎಣ್ಣೆಯ ಪ್ರಶ್ನೆಗೆ ಬೇರೊಂದು ಬಗೆಯ ಉತ್ತರ ಕರಾವಳಿಯಲ್ಲಿ ದೊರೆಯಿತು. ಅಲ್ಲಿನವರು ಹಣವನ್ನು ಚಿಲ್ಲರೆಯಾಗಿ ಕೂಡಿಸುವ ಕಲೆಯನ್ನು ಬಲ್ಲವರು. ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದದ್ದು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನವನೇ ಅಂಗಡಿಯ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಎಣಿಸಿಕೊಂಡು ಹೋಗುವ ಏರ್ಪಾಡು ಅದು. ತಿಂಗಳಿಗೊಮ್ಮೆ ನಾಲ್ಕು ರೂಪಾಯಿ ಕಟ್ಟಲಾಗದವನು ದಿನಕ್ಕೆ ಎರಡಾಣೆ ಕಟ್ಟಬಲ್ಲನೆಂಬ ಲೋಕಜ್ಞಾನ ಅದರ ಬುಡದಲ್ಲಿದೆ.

ಈ ಲೋಕಜ್ಞಾನವೇ 70 ವರ್ಷಗಳ ಮೇಲೆ ಸೂರ್ಯನ ದೀಪಕ್ಕೆ ಒದಗಿತು. 1995ರಲ್ಲಿ ಹರೀಶ್ ಹಂದೆಯವರೂ ಅಮೆರಿಕದ ನೆವಿಲ್ ವಿಲಿಯಮ್ಸ್ ಅವರೂ ಸೆಲ್ಕೋ ಎಂಬ ಸಂಸ್ಥೆಯನ್ನು ಕಟ್ಟಿ ಹಳ್ಳಿಯ ಮನೆಗಳಿಗೆ ಸೌರದೀಪಗಳನ್ನು ಮಾರಲು ಹೊರಟರು. ದಾನವಲ್ಲ, ಮಾರಾಟ. ಕೊಳ್ಳುವವರಿಗೆ ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸುವುದು ಅವರ ಕೆಲಸದ ಅರ್ಧಭಾಗವೇ ಆಯಿತು. ಬೀದಿಯಲ್ಲಿ ವ್ಯಾಪಾರ ಮಾಡುವ ಹೆಂಗಸಿಗೆ ತಿಂಗಳಿಗೆ 300 ರೂಪಾಯಿ ಎಂದರೆ ಎದೆ ಝಲ್ಲೆನ್ನುತ್ತದೆ, ದಿನಕ್ಕೆ 10 ರೂಪಾಯಿ ಎಂದರೆ ಆದೀತು ಎನ್ನುತ್ತಾಳೆ ಎಂಬ ಅನುಭವವನ್ನು ಹಂದೆಯವರು ಹೇಳುವುದುಂಟು. ಕರಾವಳಿಯ ಪಿಗ್ಮಿಯವನಿಗೆ ಇದು ಹೊಸ ಮಾತಾಗಿ ತೋರಲಾರದು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಈ ಬಗೆಯ ಸಾಲಕ್ಕೆ ಒತ್ತಾಸೆಯಾಗಿ ಬಂದರು. ಹಣವನ್ನು ದೀಪಗಳಿಗೆ ಹಂಚದೆ, ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಬಡ್ಡಿಯನ್ನು ಇಳಿಸಲು ಬಳಸಿದರು. ಪೇಟೆಯ ಬಡ್ಡಿ ನೂರಕ್ಕೆ 12ರ ಆಸುಪಾಸಿನಲ್ಲಿದ್ದಾಗ ಮೊದಮೊದಲು 5ಕ್ಕೆ ಸಾಲ ಸಿಕ್ಕಿತು. ಬರಬರುತ್ತ ರಿಯಾಯಿತಿಯನ್ನು ಕಡಮೆ ಮಾಡುತ್ತ ಬಂದು ಕೊನೆಗೆ ಕೈಬಿಟ್ಟರು. ನಾಲ್ಕು ವರ್ಷಗಳಲ್ಲಿ 16 ಸಾವಿರಕ್ಕೂ ಹೆಚ್ಚು ಕುಟುಂಬಗಳು ಸಾಲ ಪಡೆದು ದೀಪ ಹಚ್ಚಿಕೊಂಡವು. ನೆರವು ನಿಂತ ಮೇಲೂ ಬ್ಯಾಂಕುಗಳು ಸಾಲ ಕೊಡುವುದನ್ನು ನಿಲ್ಲಿಸಲಿಲ್ಲ. ನಡೆಯಲು ಕಲಿಯುವ ಮಗುವಿಗೆ ಬೆರಳು ಕೊಟ್ಟು, ಕಾಲು ನಿಂತೊಡನೆ ಬೆರಳು ಬಿಡಿಸಿಕೊಳ್ಳುವ ಬಗೆ ಇದು.

ಘಟ್ಟದ ಮೇಲೆ ಶಿರಸಿಯ ಸೀಮೆಯಲ್ಲಿಯೂ ಇಂಥದೇ ಒಂದು ಸಂಗತಿ. ದೇಶದಲ್ಲೆಲ್ಲ ಸರ್ಕಾರದ ಸಹಾಯಧನದಿಂದ ಕಟ್ಟಿದ ಗೋಬರ್ ಅನಿಲದ ಗುಂಡಿಗಳು ಹಾಳು ಬಿದ್ದ ದೂರು ಕೇಳಿಬರುತ್ತಿದ್ದಾಗ, 2001ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಶಿರಸಿಯ ಕಡೆ ನೋಡಿದ ಎಲ್ಲ ಗುಂಡಿಗಳೂ ಕೆಲಸ ಮಾಡುತ್ತಿದ್ದವು. ಸಹಾಯಧನ ಅಲ್ಲಿಯೂ ಇದ್ದಿತು. ಜೊತೆಗೆ, ಕಟ್ಟಿಕೊಟ್ಟವರು ಅದೇ ಸೀಮೆಯ ಉದ್ಯಮಿಗಳು. ಕೆಟ್ಟರೆ ಬಂದು ಸರಿಮಾಡುತ್ತೇವೆಂದು ಮಾತು ಕೊಟ್ಟವರು, ಆ ಮಾತನ್ನು ಉಳಿಸಿಕೊಂಡವರು. ನಾಳೆ ಸಂತೆಯಲ್ಲಿ ಮುಖ ತೋರಿಸಬೇಕಾದವನು ಕೆಟ್ಟ ಗುಂಡಿಯನ್ನು ಕಟ್ಟಲಾರ.

ಇಷ್ಟನ್ನು ನೋಡಿದ ಮೇಲೆ ಇಂದಿನ ದಿನಕ್ಕೆ ಬರಬಹುದು. 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸಿರಿವಂತ ದೇಶಗಳು, 2020ರ ಹೊತ್ತಿಗೆ ವರ್ಷಕ್ಕೆ 10 ಸಾವಿರ ಕೋಟಿ ಡಾಲರುಗಳನ್ನು ಬಡದೇಶಗಳ ಹವಾಮಾನದ ಕೆಲಸಕ್ಕೆ ಒದಗಿಸುತ್ತೇವೆಂದು ಮಾತು ಕೊಟ್ಟವು. 2024ರಲ್ಲಿ ಬಾಕು ನಗರದಲ್ಲಿ ಆ ಮೊತ್ತ, 2035ರ ಹೊತ್ತಿಗೆ ವರ್ಷಕ್ಕೆ 30 ಸಾವಿರ ಕೋಟಿ ಎಂದಾಯಿತು. ನಮ್ಮ ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಒಂದು ಕೋಟಿ ಮನೆಗಳ ಮಾಳಿಗೆಯ ಮೇಲೆ ಸೌರಫಲಕಗಳನ್ನು ಇಡಿಸುವ ಯೋಜನೆಯನ್ನು ತಂದು, ಒಂದು ಮನೆಗೆ 78 ಸಾವಿರ ರೂಪಾಯಿಯವರೆಗೆ ಸಹಾಯಧನವೆಂದು ಸಾರಿತು. ಅದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ ಹರಡಿದೆ. ಅಲ್ಲಿ ರೈತನ ಭೂಮಿಯನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗೇಣಿ ಗೊತ್ತುಮಾಡಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಸುವ ಕರಾರು ಮಾಡಿಕೊಂಡರು. ಎಣ್ಣೆಯ ಏರ್ಪಾಡೆಂದರೆ ಇದೂ ಒಂದು ಏರ್ಪಾಡೇ. ಆದರೆ ಗೇಣಿ ಭೂಮಿಯಿದ್ದವನಿಗೆ. ಆ ಭೂಮಿಯಲ್ಲಿ ಕಳೆ ಕಿತ್ತು ಬಾಳುತ್ತಿದ್ದ ಕೂಲಿಯವಳ ಹೆಸರು ಆ ಕರಾರಿನಲ್ಲಿಲ್ಲ. ಪುರದ ಲೆಕ್ಕದಲ್ಲಿ, ಕಿಲೋಗೆ 2 ಪೈಸೆಯಾದರೂ ಸರಿ, ಹೊತ್ತು ತಂದವಳ ಹೆಸರೂ ಇದ್ದಿತು.

ಹೀಗೆ ಹೋಲಿಸುವುದು ದೊಡ್ಡ ಕೆಲಸಗಳನ್ನು ಹಳಿಯುವುದಕ್ಕಲ್ಲ. ಶಿವನಸಮುದ್ರವೂ ದೊಡ್ಡ ಕೆಲಸವೇ. ಆದರೆ ಸಣ್ಣ ಊರಿನ ಸಣ್ಣ ಕೆಲಸಕ್ಕೆ ಹಣ ಕೊಡುವವರು, ದಿಲ್ಲಿಯವರಾಗಲಿ ಜಿನೀವಾದವರಾಗಲಿ ನಮ್ಮದೇ ಪಂಚಾಯಿತಿಯವರಾಗಲಿ, ಯಂತ್ರದ ಬೆಲೆಯನ್ನು ಕೇಳುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಲಿ. ಉದ್ಘಾಟನೆಯ ಹೂವು ಬಾಡಿದ ಮೇಲೆ ದಿನದ ಖರ್ಚು ಎಲ್ಲಿಂದ? ಮಾಡಿದ ವಿದ್ಯುತ್ತನ್ನು ಕೊಳ್ಳುವವರು ಯಾರು, ಎಷ್ಟಕ್ಕೆ? ಕೆಟ್ಟಾಗ ಬರುವವನು ಎಷ್ಟು ದೂರದಲ್ಲಿದ್ದಾನೆ? ಹೊರುವವಳಿಗೆ ಪಾಲೆಷ್ಟು? ಮಾಳಿಗೆಯ ಮೇಲೆ ಸೌರಫಲಕವನ್ನಿಡಲು ಹೊರಟಿರುವ ಪಟ್ಟಣದ ನಮಗೂ ಮೊದಲ ಮೂರು ಪ್ರಶ್ನೆಗಳು ತಪ್ಪಿದ್ದಲ್ಲ.

ಶಾಸನದ ಕಲ್ಲನ್ನು ನೆಡಿಸಿದ ಆ ದಾನಿಗೆ ಹವಾಮಾನದ ವಿಚಾರ ತಿಳಿದಿರಲಿಲ್ಲ, ಡಾಲರೂ ತಿಳಿದಿರಲಿಲ್ಲ. ತಾನು ಸತ್ತ ಮೇಲೂ ಸಂಜೆಯಾಗುತ್ತದೆ, ಆಗಲೂ ದೀಪಕ್ಕೆ ಎಣ್ಣೆ ಬೇಕಾಗುತ್ತದೆ ಎಂಬುದು ತಿಳಿದಿತ್ತು. ಅದಕ್ಕಾಗಿಯೇ ಅವನು ಗಾಣದವನನ್ನೂ ಮಹಾಜನರನ್ನೂ ಸಾಕ್ಷಿಗೆ ಕರೆದನು.